ಬೆಳ್ಳಿಗಿರುವ ನೆನಪು ಜನರಿಗಿಲ್ಲವೇ?

ಮುಂಬಯಿಯಿಂದ ಆಫ್ರಿಕಾಕ್ಕೆ ಹೊರಟಿದ್ದ 'ತಿಲಾವಾ' ಹಡಗನ್ನು 1942ರ ನವೆಂಬರ್ 23ರಂದು ಜಪಾನಿನ ಐ-29 ಜಲಾಂತರ್ಗಾಮಿ ಮುಳುಗಿಸಿತು. ಹಡಗಿನಲ್ಲಿದ್ದವರು 958, ಸತ್ತವರು 280. ಮೊದಲ ಟಾರ್ಪಿಡೊಗೆ ಹಡಗು ಮುಳುಗಲಿಲ್ಲ. ದೋಣಿಗಿಳಿದ ಕೆಲವರು ಧೈರ್ಯ ಮಾಡಿ ಮರಳಿ ಹತ್ತಿದರು. ಆಮೇಲೆ ಬಡಿಯಿತು ಎರಡನೆಯದು.

ಎರಡನೇ ಮಹಾಯುದ್ಧದಲ್ಲಿ ಕೋಟ್ಯಂತರ ಜನ ಸತ್ತರು, ಇದೊಂದನ್ನೇಕೆ ಎತ್ತಬೇಕು ಎನ್ನುವವರಿದ್ದಾರೆ. ತಿಲಾವಾದಲ್ಲಿ ಸತ್ತವರಲ್ಲಿ ಹೆಚ್ಚಿನವರು ಸೈನಿಕರಲ್ಲ, ಪ್ರಯಾಣಿಕರು ಮತ್ತು ಖಲಾಸಿಗಳು ಎಂಬುದೇ ಉತ್ತರ. ಹಡಗಿನಲ್ಲಿದ್ದ 2,364 ಬೆಳ್ಳಿಗಟ್ಟಿಗಳನ್ನು 2017ರಲ್ಲಿ ಮೇಲೆತ್ತಿದರು. ಅದರ ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬೆಳ್ಳಿಗೆ ವಕೀಲರು ಸಿಕ್ಕರು (ಸಿಗದಿರುತ್ತಾರೆಯೇ!). ಸತ್ತವರಿಗೆ ನಮ್ಮ ಶಾಲೆಯ ಇತಿಹಾಸ ಪುಸ್ತಕದಲ್ಲಿ ಒಂದು ಸಾಲಾದರೂ ಸಿಗಲಿ.