ಹೆಸರು ಎರಡು, ಮಾತ್ರೆ ಒಂದೇ

ದುಬೈನ ಔಷಧಾಲಯದಲ್ಲಿ ಕೆಲಸ ಮಾಡುವ ನನ್ನ ಬಳಿ ಕಳೆದ ವಾರ ಬಂಟ್ವಾಳದ ಕಡೆಯ ಚಾಲಕರೊಬ್ಬರು ಜ್ವರಕ್ಕೆ ವೈದ್ಯರು ಬರೆದ ಪನಡಾಲ್ ಕೊಂಡರು. "ಊರಿನಿಂದ ತಂದ ಡೋಲೋವನ್ನೂ ನುಂಗುತ್ತಿದ್ದೇನೆ, ಬೇಗ ಇಳಿಯಲಿ ಅಂತ" ಎಂದರು. ಎರಡರಲ್ಲಿಯೂ ಇರುವುದು ಪ್ಯಾರಾಸಿಟಮಾಲ್. ವಯಸ್ಕರಿಗೂ ದಿನಕ್ಕೆ 4 ಗ್ರಾಂ ಮೀರಿದರೆ ಯಕೃತ್ತಿಗೆ ಅಪಾಯ. ಪೊಟ್ಟಣಗಳ ಮೇಲಿನ ಸಣ್ಣ ಅಕ್ಷರಗಳನ್ನು ಬೆರಳಿಟ್ಟು ತೋರಿಸಿದೆ. "ಇದನ್ನು ಡಾಕ್ಟರಿಗೆ ಹೇಳಬೇಕಿತ್ತೇ?" ಎಂದು ಅವರು ಬೆರಗಾದರು.

ಹೇಳಲೇಬೇಕು. ಅಬುಧಾಬಿಯ ಮಲಫ್ಫಿ, ದುಬೈನ ನಬಿದ್ ಜಾಲಗಳಲ್ಲಿ ಇಲ್ಲಿನ ಆಸ್ಪತ್ರೆಗಳ ದಾಖಲೆಗಳು ವೈದ್ಯರಿಗೆ ಕಾಣುತ್ತವೆ. ಅಮ್ಮ ಕಟ್ಟಿಕೊಟ್ಟ ಮಾತ್ರೆ ಕಾಣುವುದಿಲ್ಲ. ಊರಿನಿಂದ ಔಷಧಿ ಕೊಟ್ಟು ಕಳುಹಿಸುವವರು ವೈದ್ಯರ ಚೀಟಿಯನ್ನೂ ಜೊತೆಗಿಡಿ. ಕೊಡೀನ್, ಟ್ರಮಡಾಲ್ ಇರುವ ಔಷಧಿಯಾದರೆ ಹೊರಡುವ ಮೊದಲೇ ಇಲ್ಲಿನ ಸರ್ಕಾರದ ಅನುಮತಿ ಪಡೆಯಬೇಕು, ಅದು ಬರಿಯ ಕೆಮ್ಮಿನ ಸಿರಪ್ಪಾದರೂ ಸರಿ.