ಮೀನಿನ ಬೆಳವಣಿಗೆ: ವಂಶದ ಪಾಲೆಷ್ಟು, ಕೊಳದ ಪಾಲೆಷ್ಟು?

ಒಂದೇ ದಿನ ಒಂದೇ ಕೊಳಕ್ಕೆ ಬಿಟ್ಟ ರೋಹು ಮರಿಗಳನ್ನು ವರ್ಷ ಕಳೆದ ಮೇಲೆ ಬಲೆ ಹಾಕಿ ಹಿಡಿದು ನೋಡಿದರೆ, ಕೆಲವು ಚೆನ್ನಾಗಿ ಬೆಳೆದಿರುತ್ತವೆ, ಕೆಲವು ಅವುಗಳ ಅರ್ಧದಷ್ಟೂ ತೂಗುವುದಿಲ್ಲ. ನೀರು ಒಂದೇ, ಹಾಕಿದ ಆಹಾರವೂ ಒಂದೇ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಬಟಾಣಿ ಗಿಡಗಳ ಮೇಲೆ ಮೆಂಡಲ್ ನಡೆಸಿದ ಪ್ರಯೋಗಗಳನ್ನು ನೀವು ಪಾಠದಲ್ಲಿ ಓದಿರುತ್ತೀರಿ. ಅಲ್ಲಿ ಗಿಡ ಎತ್ತರವಾಗಿರುತ್ತದೆ ಇಲ್ಲವೇ ಗಿಡ್ಡವಾಗಿರುತ್ತದೆ. ಮೀನಿನ ತೂಕ ಹಾಗಲ್ಲ. ಹಸಿವು, ಜೀರ್ಣಶಕ್ತಿ, ಹಾರ್ಮೋನುಗಳ ಸ್ರಾವ, ರೋಗನಿರೋಧಕ ಶಕ್ತಿ ಮುಂತಾದವುಗಳ ಮೂಲಕ ಅನೇಕ ವಂಶವಾಹಿಗಳು ಅದರ ಮೇಲೆ ಅಷ್ಟಿಷ್ಟು ಪ್ರಭಾವ ಬೀರುತ್ತವೆ. ಆದ್ದರಿಂದಲೇ ಒಂದು ಕೊಳದಲ್ಲಿ ಸಣ್ಣದರಿಂದ ದೊಡ್ಡದರವರೆಗೆ ಎಲ್ಲ ತೂಕದ ಮೀನುಗಳೂ ಸಿಗುತ್ತವೆ.

ಪರಿಸರದ ಪಾಲೂ ಕಡಿಮೆಯಲ್ಲ. ಮೊಟ್ಟೆಯಿಂದ ಒಂದೆರಡು ದಿನ ಮೊದಲೇ ಹೊರಬಂದ ಮರಿ ಮೊದಲು ತಿನ್ನಲು ಆರಂಭಿಸುತ್ತದೆ. ದೊಡ್ಡದಾದ ಮೇಲೆ ಇತರ ಮರಿಗಳನ್ನು ಬದಿಗೊತ್ತಿ ಇನ್ನೂ ಹೆಚ್ಚು ತಿನ್ನುತ್ತದೆ. ಇಂಥ ಅದೃಷ್ಟ ಅದರ ಸಂತತಿಗೆ ದಾಟುವುದಿಲ್ಲ.

ಒಂದು ಸಣ್ಣ ಲೆಕ್ಕ

ಗುಂಪಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ಸಂತತಿಗೆ ದಾಟುವ ಪಾಲನ್ನು ಆನುವಂಶಿಕತೆಯ ಪ್ರಮಾಣ ಎನ್ನುತ್ತೇವೆ. ಒಂದು ಕೊಳದ ಮೀನುಗಳ ಸರಾಸರಿ ತೂಕ 500 ಗ್ರಾಂ ಎಂದುಕೊಳ್ಳೋಣ. ಅವುಗಳಲ್ಲಿ ಸರಾಸರಿ 800 ಗ್ರಾಂ ತೂಗುವ ಗಂಡು ಹೆಣ್ಣುಗಳನ್ನು ತಳಿ ಮೀನುಗಳಾಗಿ ಆರಿಸಿದೆವು. ವ್ಯತ್ಯಾಸ 300 ಗ್ರಾಂ. ಆನುವಂಶಿಕತೆಯ ಪ್ರಮಾಣ ಕಾಲು ಭಾಗವಾದರೆ, ಮರಿಗಳಿಗೆ ದಾಟುವುದು 75 ಗ್ರಾಂ ಮಾತ್ರ. ಅದೇ ಪರಿಸ್ಥಿತಿಯಲ್ಲಿ ಸಾಕಿದರೆ ಅವುಗಳ ಸರಾಸರಿ 575 ಗ್ರಾಂ ಆಗಬಹುದು. ಇದು ಅಲ್ಪವೆಂದು ತೋರಬಹುದು. ಆದರೆ ಒಳ್ಳೆಯ ಆಹಾರದಿಂದ ಬಂದ ಲಾಭ ಆ ಬೆಳೆಗೇ ಮುಗಿಯುತ್ತದೆ. ವಂಶದಲ್ಲಿ ಸೇರಿದ ಲಾಭ ಮುಂದಿನ ಪೀಳಿಗೆಗೂ ಉಳಿಯುತ್ತದೆ, ಅದರ ಮೇಲೆ ಇನ್ನಷ್ಟು ಕೂಡಿಸಬಹುದು.

ವರವೇ ಶಾಪವಾದಾಗ

ರೋಹು ಗಂಗಾ ಮೊದಲಾದ ಉತ್ತರದ ನದಿಗಳ ಮೀನು. ಕೆರೆ ಕೊಳಗಳ ನಿಂತ ನೀರಿನಲ್ಲಿ ಅದು ಮೊಟ್ಟೆಯಿಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಸಹೋದ್ಯೋಗಿಗಳು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳು ಮೊಟ್ಟೆಯಿಡುವಂತೆ ಮಾಡಿದರು. ಅಲ್ಲಿಂದ ಮುಂದೆ ಮರಿ ಉತ್ಪಾದನಾ ಕೇಂದ್ರಗಳು ದೇಶದೆಲ್ಲೆಡೆ ಹುಟ್ಟಿಕೊಂಡವು.

ಹೆಣ್ಣು ರೋಹು ತನ್ನ ಒಂದು ಕಿಲೋಗ್ರಾಂ ತೂಕಕ್ಕೆ ಸುಮಾರು 2ರಿಂದ 3 ಲಕ್ಷ ಮೊಟ್ಟೆಗಳನ್ನಿಡುತ್ತದೆ. ಕೆಲವೇ ಜೋಡಿಗಳಿಂದ ಒಂದು ಕೇಂದ್ರದ ಅಗತ್ಯ ಪೂರೈಸಬಹುದು. ಅಪಾಯವಿರುವುದು ಇಲ್ಲೇ. ಕೆಲವೇ ಜೋಡಿಗಳ ಮರಿಗಳಲ್ಲಿಯೇ ಮತ್ತೆ ತಳಿ ಮೀನುಗಳನ್ನು ಆರಿಸಿದರೆ ಅಣ್ಣತಂಗಿಯರ ನಡುವೆಯೇ ಕೂಡಿಕೆಯಾಗುತ್ತದೆ. ಇಂಥ ಒಳಸಂತಾನದಿಂದ ಬೆಳವಣಿಗೆ ಕುಂಠಿತವಾಗಿ, ಬದುಕುಳಿಯುವ ಮರಿಗಳೂ ಕಡಿಮೆಯಾಗುತ್ತವೆ. ಬೇಗ ಬೆಳೆದ ಮೀನುಗಳನ್ನು ಮಾರುಕಟ್ಟೆಗೆ ಕಳುಹಿಸಿ, ಉಳಿದ ಸಣ್ಣವನ್ನು ತಳಿಗೆ ಇಟ್ಟುಕೊಂಡರಂತೂ ಆಯ್ಕೆ ಹಿಮ್ಮುಖವಾಗಿಯೇ ನಡೆಯುತ್ತದೆ. ಕರ್ನಾಟಕದ ಮರಿ ಉತ್ಪಾದನಾ ಕೇಂದ್ರಗಳನ್ನು ಕುರಿತು 1990ರಲ್ಲಿ ಪ್ರಕಟವಾದ ಒಂದು ಅಧ್ಯಯನ ಒಳಸಂತಾನದ ಈ ಸಮಸ್ಯೆಯನ್ನು ಎತ್ತಿ ತೋರಿಸಿತು. ನಷ್ಟ ಅನುಭವಿಸುವವನು ಮರಿ ಕೊಂಡ ರೈತ. ತನ್ನ ಕೊಳದ್ದೋ ಮೇವಿನದ್ದೋ ದೋಷವೆಂದು ಅವನು ತಿಳಿಯುತ್ತಾನೆ. ಮರಿಯನ್ನು ನೋಡಿ ಅದರ ವಂಶವನ್ನು ಹೇಳಲಾಗದು.

ಜಯಂತಿ ರೋಹು

ಇದಕ್ಕೆ ಪರಿಹಾರ ಹುಡುಕುವ ಕೆಲಸ 1992ರಲ್ಲಿ ಆರಂಭವಾಯಿತು. ಭುವನೇಶ್ವರದ ಬಳಿ ಕೌಸಲ್ಯಾಗಂಗಾದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ಇದಕ್ಕಾಗಿ ನಾರ್ವೆಯ ವಿಜ್ಞಾನಿಗಳೊಡನೆ ಕೈಜೋಡಿಸಿತು. ನಾರ್ವೆ 1970ರ ದಶಕದಿಂದಲೇ ಸಾಲ್ಮನ್ ಮೀನಿನ ತಳಿ ಸುಧಾರಣೆಯಲ್ಲಿ ತೊಡಗಿತ್ತು.

ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರ ನದಿಗಳ ರೋಹುಗಳನ್ನು ಸಂಸ್ಥೆಯ ಮೀನುಗಳೊಡನೆ ಸೇರಿಸಲಾಯಿತು. ಹೀಗೆ ಮೊದಲೇ ವಂಶವೈವಿಧ್ಯ ದೊರಕಿತು. ಪ್ರತಿ ಜೋಡಿಯ ಮರಿಗಳನ್ನು ಬೇರೆ ಬೇರೆಯಾಗಿ ಸಾಕಿ, ಸ್ವಲ್ಪ ದೊಡ್ಡವಾದ ಮೇಲೆ ಒಂದೊಂದರ ದೇಹದೊಳಗೂ ಭತ್ತದ ಕಾಳಿನಷ್ಟು ಗಾತ್ರದ ಗುರುತು ಸಾಧನವನ್ನು ಇಟ್ಟರು. ಆಮೇಲೆ ಎಲ್ಲವನ್ನೂ ಒಂದೇ ಕೊಳದಲ್ಲಿ ಬೆಳೆಸಿದರು. ಹಿಡಿದಾಗ ಮೀನಿನ ಸಂಖ್ಯೆ ಓದಿದರೆ ಅದರ ಕುಟುಂಬ ತಿಳಿಯುತ್ತದೆ. ಒಂದು ಮೀನು ದಪ್ಪಗಿದ್ದರೆ ಅದು ಅದೃಷ್ಟವಿರಬಹುದು. ಅದರ ಒಡಹುಟ್ಟಿದವೂ ಚೆನ್ನಾಗಿ ಬೆಳೆದಿದ್ದರೆ ಅದು ವಂಶದ ಗುಣವೆಂದು ನಂಬಬಹುದು. ಹೀಗೆ ಉತ್ತಮ ಕುಟುಂಬಗಳನ್ನು ಆರಿಸಿ, ಹತ್ತಿರದ ಸಂಬಂಧಿಗಳು ಕೂಡದಂತೆ ಎಚ್ಚರ ವಹಿಸಲಾಯಿತು.

ಫಲವಾಗಿ ಪ್ರತಿ ಪೀಳಿಗೆಯಲ್ಲೂ ಬೆಳವಣಿಗೆ ಸರಾಸರಿ ಶೇಕಡಾ 17ರಷ್ಟು ಹೆಚ್ಚಿತು. ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ವರ್ಷವಾದ 1997ರಲ್ಲಿ ಈ ತಳಿಗೆ ‘ಜಯಂತಿ’ ಎಂಬ ಹೆಸರು ಬಂತು.

ಆದರೂ ಒಳ್ಳೆಯ ತಳಿ ತಾನಾಗಿಯೇ ಒಳ್ಳೆಯದಾಗಿ ಉಳಿಯದು. ಜಯಂತಿಯ ನಾಲ್ಕೇ ಜೋಡಿಗಳನ್ನು ತಂದು ಅವುಗಳ ಮರಿಗಳಿಂದಲೇ ವರ್ಷವರ್ಷವೂ ಸಂತಾನ ಪಡೆದರೆ ಹಳೆಯ ತೊಂದರೆ ಮರಳಿ ಬರುತ್ತದೆ. ಆದುದರಿಂದ ತಳಿ ಮೀನುಗಳ ಸಂಖ್ಯೆ ಸಾಕಷ್ಟಿರಬೇಕು, ಅವುಗಳ ಮೂಲ ದಾಖಲಾಗಿರಬೇಕು, ಆಗಾಗ ಹೊಸ ತಳಿ ಮೀನುಗಳನ್ನು ತರಬೇಕು. ಕೊಳಕ್ಕೆ ಗೊಬ್ಬರ ಹಾಕುವಷ್ಟೇ ಮುಖ್ಯವಾದ ಕೆಲಸ ಈ ವಂಶಾವಳಿಯ ಪುಸ್ತಕವನ್ನು ತಪ್ಪದೆ ಬರೆದಿಡುವುದು.