ಪಾಚಿ ಅಂದರೆ ಯಾವ ಪಾಚಿ?

ಮಳೆ ಹಿಡಿದು ಹದಿನೈದು ದಿನ ಆಯಿತೆಂದರೆ ಸಾಕು, ಮಲೆನಾಡು, ಕರಾವಳಿಯ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು: "ನೋಡ್ಕೊಂಡು ಕಾಲಿಡಿ, ಪಾಚಿ ಕಟ್ಟಿದೆ." ಅಂಗಳದ ಕಪ್ಪು ಜಾರಿಕೆಯೂ ಪಾಚಿ, ಕಾಂಪೌಂಡ್ ಗೋಡೆಯ ಹಸಿರು ಮಖಮಲ್ಲೂ ಪಾಚಿ. ಕೆರೆ ನೀರಿನ ಮೇಲೆ ತೇಲುವುದೂ ಅದೇ, ಅಡಿಕೆ ಮರದ ಬಿಳಿ ಮಚ್ಚೆಯೂ ಅದೇ. ಸೊಪ್ಪಿನ ವಿಷಯದಲ್ಲಿ ನಮ್ಮವರು ಹೀಗಲ್ಲ ನೋಡಿ. ಒಂದೆಲಗ, ಹೊನಗೊನೆ, ಚಗಟೆ ಎಂದು ಒಂದೊಂದಕ್ಕೂ ಒಂದೊಂದು ಹೆಸರು. ಕೆಸುವಿನಲ್ಲೇ ಕರಿಕೆಸು ಬೇರೆ, ಮರಕೆಸು ಬೇರೆ. ಬಾಯಿಗೆ ಹೋಗುವುದಕ್ಕೆ ಹೆಸರು ಬೇಕು, ಕಾಲಿಗೆ ಸಿಗುವುದಕ್ಕೆ ಒಂದೇ ಸಾಕು ಅಂತ ಹಿರಿಯರು ಲೆಕ್ಕ ಹಾಕಿರಬೇಕು.

ಆದರೆ ಈ ಒಂದು ಹೆಸರಿನ ಕೆಳಗೆ ಕೂತಿರುವವು ಒಂದೇ ಮನೆತನದವಲ್ಲ. ಕೆಲವು ಬ್ಯಾಕ್ಟೀರಿಯಾ, ಕೆಲವು ಶೈವಲ, ಕೆಲವು ಬೇರಿಲ್ಲದ ಪುಟ್ಟ ಗಿಡಗಳು, ಕೆಲವು ಶಿಲೀಂಧ್ರದ ಸಂಸಾರ. ಹೂವು ಬಿಡುವ ಗಿಡವೂ ಇದೆ ಅಂದರೆ ನಂಬುತ್ತೀರಾ? ಇವುಗಳಲ್ಲಿ ಒಂದು ದನವನ್ನು ಕೊಲ್ಲಬಲ್ಲದು. ಇನ್ನೊಂದು ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಎರಡನ್ನೂ ನಾವು ಪಾಚಿ ಎಂದೇ ಕರೆದು, ಒಂದನ್ನು ಅಸಡ್ಡೆ ಮಾಡುತ್ತೇವೆ, ಇನ್ನೊಂದನ್ನು ತುಳಿದುಕೊಂಡು ಹೋಗುತ್ತೇವೆ.

ಗುರುತು ಹಿಡಿಯಲು ದೊಡ್ಡ ಸಲಕರಣೆ ಏನೂ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಮಡಚುವ ಲೆನ್ಸು, ಒಂದು ನೀರಿನ ಬಾಟಲಿ, ಹಳೇ ಪೇಪರು, ಪೆನ್ಸಿಲ್ಲು. ಲೆನ್ಸನ್ನು ಪತ್ತೇದಾರರ ಹಾಗೆ ದೂರ ಹಿಡಿಯಬೇಡಿ. ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಮುಖವನ್ನೇ ಗೋಡೆಯ ಹತ್ತಿರ ಒಯ್ಯಬೇಕು. ಅಕ್ಕಪಕ್ಕದವರು ಏನಾಯ್ತು ಇವರಿಗೆ ಅಂತ ನೋಡುತ್ತಾರೆ, ನೋಡಲಿ ಬಿಡಿ.

ಗೋಡೆಯಿಂದ ಶುರುಮಾಡಿ

ಗೋಡೆಯ ಮೇಲಿನ ಹಸಿರನ್ನು ಲೆನ್ಸಿನಲ್ಲಿ ನೋಡಿದಾಗ ಪುಟ್ಟ ಕಾಂಡ, ಅದರ ಸುತ್ತ ಎಲೆಗಳು ಕಂಡರೆ ಅದು ಶೈವಲ ಅಲ್ಲವೇ ಅಲ್ಲ, ಹಾವಸೆ. ಇಂಗ್ಲಿಷಿನವರು ಮಾಸ್ ಅನ್ನುವುದು ಇದನ್ನೇ. ಜಗತ್ತಿನಲ್ಲಿ ಸುಮಾರು 12,000 ಬಗೆಯ ಹಾವಸೆಗಳಿವೆ. ಇವಕ್ಕೆ ನಿಜವಾದ ಬೇರಿಲ್ಲ, ಹಿಡಿದುಕೊಳ್ಳಲು ಎಳೆಗಳಿವೆ ಅಷ್ಟೆ. ಹೂವಿಲ್ಲ, ಬೀಜವಿಲ್ಲ. ನೀರನ್ನು ಎಲೆಯಿಂದಲೇ ಹೀರುತ್ತವೆ. ಕೂದಲಿನಂಥ ಕಡ್ಡಿಯ ತುದಿಗೆ ಪುಟ್ಟ ಕೊಡದಂಥದ್ದು ನೇತಾಡುತ್ತಿದ್ದರೆ ಅದು ಬೀಜಾಣು ತುಂಬಿದ ಚೀಲ. ಪಿಯುಸಿಯಲ್ಲಿ ಫ್ಯುನೇರಿಯಾ ಚಿತ್ರ ಬರೆದು ಅಂಕ ತೆಗೆದುಕೊಂಡವರು ಗೋಡೆಯ ಮೇಲೆ ಕಂಡದ್ದನ್ನೆಲ್ಲ ಫ್ಯುನೇರಿಯಾ ಅಂದುಬಿಡುತ್ತಾರೆ. ನಮ್ಮ ಕಡೆಯ ಸಿಮೆಂಟು ಗೋಡೆ, ಕಲ್ಲುಕಟ್ಟೆಗಳ ಮೇಲೆ ತುಂಬಾ ಸಾಮಾನ್ಯವಾಗಿ ಸಿಗುವುದು ಹಯೋಫಿಲಾ ಇನ್ವೊಲ್ಯೂಟಾ. ಗುರುತು ಸುಲಭ. ಒಣಗಿದಾಗ ಇದರ ಎಲೆಯ ಅಂಚು ಎರಡೂ ಕಡೆಯಿಂದ ಒಳಕ್ಕೆ ಸುರುಳಿಯಾಗಿ, ಇಡೀ ಗಿಡ ಕಂದುಬಣ್ಣದ ಮುದುರಿದ ಎಳೆಯಂತೆ ಕಾಣುತ್ತದೆ.

ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಮಕ್ಕಳನ್ನು ಕರೆದು ಈ ಒಣ ಹಾವಸೆಯನ್ನು ತೋರಿಸಿ. "ಅಯ್ಯೋ, ಇದು ಸತ್ತೋಗಿದೆ" ಅಂತಾರೆ. ಬಾಟಲಿಯಿಂದ ನಾಲ್ಕು ಹನಿ ನೀರು ಬಿಡಿ. ಕಣ್ಣೆದುರಿಗೇ ಎಲೆಗಳು ಬಿಚ್ಚಿಕೊಂಡು ಹಸಿರಾಗುತ್ತವೆ. ಟೀವಿ ಬಿಟ್ಟು ಬಂದ ಮಗು ಇನ್ನೂ ಸ್ವಲ್ಪ ನೀರು ಹಾಕೋಣ ಅನ್ನದಿದ್ದರೆ ಕೇಳಿ. ಹಾವಸೆ ತನ್ನೊಳಗೆ ನೀರು ಕಾಪಿಟ್ಟುಕೊಳ್ಳುವ ಗಿಡವಲ್ಲ. ಸುತ್ತ ಒಣಗಿದರೆ ತಾನೂ ಒಣಗುತ್ತದೆ, ನೆನೆದರೆ ಮತ್ತೆ ಬದುಕು ಹೂಡುತ್ತದೆ.

ಒಂದನ್ನು ಗುರುತಿಸಿದ ಮೇಲೆ ಉಳಿದವು ತಾವಾಗಿ ಬೇರೆ ಕಾಣುತ್ತವೆ. ಫುಟ್‌ಪಾತಿನ ಸಂದಿಯಲ್ಲಿ ಬೆಳ್ಳಿಯ ಹೊಳಪಿನ ಸಣ್ಣ ಸಣ್ಣ ಮೊಗ್ಗುಗಳಂತೆ ಇರುವುದು ಬ್ರಯಮ್ ಅರ್ಜೆಂಟಿಯಮ್. ಬೆಂಗಳೂರಿನ ಬೀದಿಯಲ್ಲೂ ಉಂಟು, ಅಂಟಾರ್ಕ್ಟಿಕಾದಲ್ಲೂ ಉಂಟು. ತೆಂಗಿನ ಮರದ ಬುಡದಲ್ಲಿ ಬಿಳಿ ಬೆರೆತ ತಿಳಿಹಸಿರಿನ ದಪ್ಪ ದಿಂಬಿನಂತೆ ಕೂತಿರುವುದು ಆಕ್ಟೊಬ್ಲೆಫ್ಯಾರಮ್. ಎಲೆಗಳು ಎರಡೇ ಸಾಲಿನಲ್ಲಿ ಹಕ್ಕಿಯ ಗರಿಯಂತೆ ಚಪ್ಪಟೆಯಾಗಿದ್ದರೆ ಫಿಸಿಡೆನ್ಸ್. ತೋಡಿನ ದಂಡೆ, ತೇವದ ಮಣ್ಣಿನ ಗೋಡೆಯಲ್ಲಿ ಹುಡುಕಿ. ಹೆಸರುಗಳು ನಾಲಿಗೆಗೆ ತೊಡಕು, ಒಪ್ಪಿದೆ. ಹೆಸರು ಮರೆತರೂ ಪರವಾಗಿಲ್ಲ, 'ಗರಿಯಂಥದ್ದು', 'ಬೆಳ್ಳಿಯದು' ಅಂತ ನಿಮ್ಮದೇ ಹೆಸರಿಟ್ಟುಕೊಳ್ಳಿ. ಕೆಸುವಿಗೆ ಹೆಸರಿಟ್ಟವರೂ ಹಾಗೇ ಅಲ್ಲವೇ ಮಾಡಿದ್ದು?

ಬಾವಿಯ ಒಳಗೋಡೆಯಲ್ಲಿ, ನೀರು ಒಸರುವ ಮುರಕಲ್ಲಿನ ಮೇಲೆ ಎಲೆ-ಕಾಂಡ ಅಂತ ಬೇರೆ ಮಾಡಲಾಗದ ಹಸಿರು ಪಟ್ಟಿಗಳು ಕವಲೊಡೆದು ಹರಡಿರುತ್ತವೆ. ಇವು ಲಿವರ್‌ವರ್ಟ್‌ಗಳು, ಹಾವಸೆಯ ದಾಯಾದಿಗಳು. ಮಾರ್ಕಾನ್ಶಿಯಾ ಆದರೆ ಪಟ್ಟಿಯ ಮೇಲೆ ರಾಗಿಕಾಳಿನಷ್ಟು ಚಿಕ್ಕ ಬಟ್ಟಲುಗಳು, ಬಟ್ಟಲಿನೊಳಗೆ ಹಸಿರು ಬಿಲ್ಲೆಗಳು. ಮಳೆಹನಿ ಬಟ್ಟಲಿಗೆ ಬಿದ್ದಾಗ ಬಿಲ್ಲೆ ಸಿಡಿದು ಆಚೆ ಬಿದ್ದಲ್ಲಿ ಹೊಸ ಗಿಡ. ಹೂಕುಂಡದ ಮಣ್ಣಿನ ಮೇಲೆ ರಂಗೋಲಿಯ ಎಸಳಿನಂತೆ ದುಂಡಗೆ ಹರಡಿದರೆ ಅದು ರಿಕ್ಸಿಯಾ.

ಇನ್ನು ಅಂಗಳದ ಕಪ್ಪು ಜಾರಿಕೆ. ಲೆನ್ಸಿನಲ್ಲಿ ನೋಡಿ, ಎಲೆಯಿಲ್ಲ, ಕಾಂಡವಿಲ್ಲ, ಬರೀ ಲೋಳೆ. ಇದರಲ್ಲಿ ಬಹುಪಾಲು ನೀಲಿಹಸಿರು ಪಾಚಿ, ಅಂದರೆ ಸಯನೊಬ್ಯಾಕ್ಟೀರಿಯಾ. ಬಿಸಿಲು ತಡೆಯಲು ಇವು ಮೈಮೇಲೆ ಕಂದುಬಣ್ಣದ ಒಂದು ಪದಾರ್ಥ ತುಂಬಿಕೊಳ್ಳುತ್ತವೆ. ಹೊಸ ಸುಣ್ಣ ಬಳಿದ ಗೋಡೆ ಎರಡು ಮಳೆಗಾಲಕ್ಕೆ ಕಪ್ಪಾಗುವುದು ಇದರಿಂದ. ಮನೆಯ ಹಿರಿಯರ ಸೊಂಟ ಮುರಿಯುವುದು ಈ ಲೋಳೆಯಿಂದ; ಗೋಡೆಯ ಮೇಲಿನ ಹಾವಸೆಯಿಂದಲ್ಲ. ಹಾಗಾಗಿ ಉಜ್ಜಿ ತೆಗೆಯುವುದಾದರೆ ಅಂಗಳ, ಮೆಟ್ಟಿಲು, ಬಚ್ಚಲ ದಾರಿ ಉಜ್ಜಿ, ಅಡಿಕೆ ದಬ್ಬೆ ಹಾಸಿ. ಕಾಂಪೌಂಡಿನ ಹಾವಸೆಯ ಮೇಲೆ ಬ್ಲೀಚಿಂಗ್ ಪೌಡರ್ ಸುರಿಯುವುದು ಕಾಸಿಗೂ ದಂಡ, ಕೈಗೂ ದಂಡ.

ಗೋಡೆಗೋ ಮರಕ್ಕೋ ಕುಂಕುಮ-ಕೇಸರಿ ಬಣ್ಣದ ವೆಲ್ವೆಟ್ ಹಚ್ಚಿದಂತಿದ್ದರೆ ಅದು ಟ್ರೆಂಟಿಪೋಲಿಯಾ. ತಮಾಷೆ ಅಂದರೆ ಅದು ಹಸಿರು ಶೈವಲ. ಕ್ಯಾರೆಟ್ಟಿನಲ್ಲಿರುವ ಜಾತಿಯ ಬಣ್ಣ ಒಳಗಿನ ಹಸಿರನ್ನು ಮುಚ್ಚಿಹಾಕಿದೆ.

"ಅಡಿಕೆ ಮರಕ್ಕೆ ಬಿಳೀ ಪಾಚಿ ಹತ್ತಿದೆ, ಬೋರ್ಡೋ ಹೊಡೀಬೇಕಾ?" ಅಂತ ಕೇಳುವವರಿದ್ದಾರೆ. ಬೇಡ. ಅದು ಕಲ್ಲುಹೂವಿನ ಜಾತಿ, ಶಿಲೀಂಧ್ರವೂ ಶೈವಲವೂ ಕೂಡಿ ಮಾಡಿದ ಸಂಸಾರ. ತೊಗಟೆಯ ಮೇಲೆ ಬಾಡಿಗೆಗೆ ಕೂತಿದೆಯೇ ಹೊರತು ಮರದ ರಸ ಹೀರುವುದಿಲ್ಲ. ಬೋರ್ಡೋ ಕೊಳೆರೋಗಕ್ಕೆ, ಗೊನೆಗೆ. ನಮ್ಮ ಮಸಾಲೆ ಡಬ್ಬಿಯಲ್ಲಿ ಲವಂಗ, ಚಕ್ಕೆಯ ಜೊತೆ ಇರುವ ಬೂದುಬಣ್ಣದ ಕಲ್ಲುಹೂವೂ ಇದೇ ಬಳಗದ್ದು. ಹಾಗಂತ ತೋಟದ್ದನ್ನು ಕೆತ್ತಿ ವಾಂಗೀಭಾತಿಗೆ ಹಾಕಬೇಡಿ, ಎಲ್ಲ ಕಲ್ಲುಹೂವೂ ಅಡುಗೆಯದಲ್ಲ. ಹೊಗೆ ತುಂಬಿದ ಊರಲ್ಲಿ ಇವು ಬದುಕುವುದಿಲ್ಲ. ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ ವಿಲಿಯಂ ನೈಲ್ಯಾಂಡರ್ ಎಂಬ ವಿಜ್ಞಾನಿ ಇದನ್ನು 1866ರಲ್ಲೇ ಗಮನಿಸಿ ಬರೆದಿದ್ದ.

ಕೆರೆಯ ಹಸಿರು ಎಲ್ಲಾ ಒಂದೇ ಅಲ್ಲ

ಇಲ್ಲಿ ಸ್ವಲ್ಪ ನಿಂತು ಓದಿ, ಅದರಲ್ಲೂ ಮನೆಯಲ್ಲಿ ದನಕರು ಇರುವವರು.

ನೀರಿನ ಮೇಲೆ ಹಸಿರು ಕಂಡರೆ ಮೊದಲು ಅದು ಗಿಡವೋ ಅಂತ ನೋಡಿ. ಎಳ್ಳಿನಷ್ಟು, ಅವರೆಬೇಳೆಯಷ್ಟು ಚಿಕ್ಕ ಎಲೆಗಳು, ಕೆಳಗೆ ದಾರದಂಥ ಬೇರು ಇದ್ದರೆ ಲೆಮ್ನಾ. ಹೂವು ಬಿಡುವ ಗಿಡ ಅದು. ಕೆಂಪು ಮಿಶ್ರಿತ ಹಸಿರು, ಸೂಕ್ಷ್ಮ ಹೆರಳಿನಂತಿದ್ದರೆ ಅಜೋಲಾ. ಅದು ಜರಿಗಿಡ, ಈಗ ಎಷ್ಟೋ ಮನೆಗಳಲ್ಲಿ ತೊಟ್ಟಿಯಲ್ಲಿ ಬೆಳೆಸಿ ದನಕ್ಕೆ ಹಾಕುತ್ತಾರೆ. ನೀರಿನೊಳಗೆ ಬಿಚ್ಚಿದ ಕೂದಲಿನಂತೆ, ಬೆರಳ ನಡುವೆ ರೇಷ್ಮೆಯ ಹಾಗೆ ನುಣುಚಿಕೊಂಡರೆ ಸ್ಪೈರೋಗೈರಾ. ಒರಟಾಗಿ, ಕಾಂಡದ ಸುತ್ತ ಕಡ್ಡಿಗಳಿದ್ದು, ಹಿಚುಕಿದರೆ ಬೆಳ್ಳುಳ್ಳಿಯಂಥ ವಾಸನೆ ಬಂದರೆ ಕಾರಾ. ಇವ್ಯಾವುವೂ ವಿಷವಲ್ಲ.

ಎಚ್ಚರ ಬೇಕಾದದ್ದು ಹಸಿರು ಬಣ್ಣ ಕಲಸಿ ಚೆಲ್ಲಿದಂತೆ ಕಾಣುವ ನೀರಿಗೆ. ಬೇಸಿಗೆಯಲ್ಲಿ ಕೆರೆ ಇಳಿದು, ಚರಂಡಿಯ ನೀರೋ ಗದ್ದೆಯ ಗೊಬ್ಬರವೋ ಸೇರಿ, ಗಾಳಿಯಿಲ್ಲದೆ ಬಿಸಿಲು ಸುರಿದಾಗ ನೀಲಿಹಸಿರು ಪಾಚಿ ಉಕ್ಕಿ ಬರುತ್ತದೆ. ಮೈಕ್ರೊಸಿಸ್ಟಿಸ್ ಇವುಗಳಲ್ಲಿ ಮುಖ್ಯವಾದದ್ದು. ಆಮೇಲೆ ಗಾಳಿ ಅದನ್ನೆಲ್ಲ ತಳ್ಳಿ ಒಂದು ದಡಕ್ಕೆ ಕೆನೆಯಂತೆ ಕಟ್ಟಿಸುತ್ತದೆ. ದನ ನೀರು ಕುಡಿಯುವುದು ದಡದಲ್ಲೇ ತಾನೆ? ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದ ಬಳಿ ಹೀಗೆ ಕುರಿ, ಕುದುರೆ, ನಾಯಿಗಳು ಸತ್ತದ್ದನ್ನು ಜಾರ್ಜ್ ಫ್ರಾನ್ಸಿಸ್ 1878ರಲ್ಲಿ 'ನೇಚರ್' ಪತ್ರಿಕೆಗೆ ಬರೆದು ತಿಳಿಸಿದ. 2020ರಲ್ಲಿ ಬೋಟ್ಸ್‌ವಾನಾದಲ್ಲಿ 300ಕ್ಕೂ ಹೆಚ್ಚು ಆನೆಗಳು ಸತ್ತವು. ನೀರುಗುಂಡಿಯ ನೀಲಿಹಸಿರು ಪಾಚಿಯ ವಿಷವೇ ಕಾರಣ ಎಂದು ಅಲ್ಲಿನ ಸರ್ಕಾರ ಹೇಳಿತು.

ಪರೀಕ್ಷೆ ಹೀಗೆ ಮಾಡಿ. ಕೈ ಅದ್ದಬೇಡಿ, ಉದ್ದ ಕೋಲು ತೆಗೆದುಕೊಳ್ಳಿ. ನೀರಿಗೆ ಅದ್ದಿ ಎತ್ತಿದಾಗ ಕೋಲಿಗೆ ಹಸಿರು ಕೂದಲು ಜೋತುಬಿದ್ದರೆ ಅದು ಸಾಮಾನ್ಯವಾಗಿ ಎಳೆ ಶೈವಲ. ಪೇಂಟಿನಲ್ಲಿ ಅದ್ದಿದಂತೆ ಬಣ್ಣ ಮೆತ್ತಿಕೊಂಡರೆ ಅನುಮಾನ ಪಡಿ. ಇನ್ನೊಂದು ಪರೀಕ್ಷೆ: ಕೈಗೆ ಗ್ಲೌಸ್ ಹಾಕಿ, ಗಾಜಿನ ಬಾಟಲಿಗೆ ಮುಕ್ಕಾಲು ಭಾಗ ಆ ನೀರು ತುಂಬಿ, ಅಲ್ಲಾಡಿಸದೆ ರಾತ್ರಿಯಿಡೀ ಇಡಿ. ಬೆಳಗ್ಗೆ ಹಸಿರು ತಳಕ್ಕಿಳಿದಿದ್ದರೆ ಒಳ್ಳೆಯ ಲಕ್ಷಣ. ಮೇಲೆ ಉಂಗುರದಂತೆ ತೇಲಿ ನಿಂತಿದ್ದರೆ ನೀಲಿಹಸಿರು ಪಾಚಿ ಇರುವ ಸಾಧ್ಯತೆ ಹೆಚ್ಚು, ಯಾಕೆಂದರೆ ಅದರ ಕೋಶಗಳೊಳಗೆ ಗಾಳಿಯ ಪುಟ್ಟ ಚೀಲಗಳಿವೆ. ಇದು ಕೊನೆಯ ತೀರ್ಪಲ್ಲ. ವಿಷ ಇದೆಯೋ ಇಲ್ಲವೋ ಅಂತ ಹೇಳಲು ಪ್ರಯೋಗಾಲಯವೇ ಬೇಕು. ಆದರೆ ಆ ದಡಕ್ಕೆ ದನ ಬಿಡಬಾರದು ಅಂತ ನಿರ್ಧರಿಸಲು ಇಷ್ಟು ಸಾಕು. ಕುದಿಸಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ, ಮೈಕ್ರೊಸಿಸ್ಟಿಸ್‌ನ ವಿಷ ಕುದಿಸಿದರೂ ಉಳಿಯುತ್ತದೆ. ಮೈಲುತುತ್ತ ತಂದು ಸುರಿಯುವುದಂತೂ ಇನ್ನೂ ಕೆಟ್ಟದ್ದು. ಪಾಚಿ ಒಮ್ಮೆಲೇ ಸತ್ತು ಒಡೆದು, ಒಳಗಿದ್ದ ವಿಷವೆಲ್ಲ ನೀರಿಗಿಳಿಯುತ್ತದೆ. ದನ ಕುಡಿದು ನಡುಗಿತು, ಕುಸಿಯಿತು ಅಂದರೆ ಪಶುವೈದ್ಯರಿಗೆ ಫೋನ್ ಮಾಡುವಾಗ ನೀರಿನ ಬಣ್ಣದ ವಿಷಯ ಮೊದಲು ಹೇಳಿ.

ಹಾಗಂತ ನೀಲಿಹಸಿರು ಪಾಚಿಯನ್ನೆಲ್ಲ ಖಳನಾಯಕ ಮಾಡುವುದು ನ್ಯಾಯವಲ್ಲ. ಗದ್ದೆಯಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಭತ್ತಕ್ಕೆ ಕೊಡುವುದು ಇದರದೇ ಬಳಗ, ಪಿ.ಕೆ. ಡೇ ಇದನ್ನು 1939ರಲ್ಲಿ ತೋರಿಸಿಕೊಟ್ಟರು. ಮಳೆ ಬಿದ್ದ ಮರುದಿನ ಬಯಲಲ್ಲಿ ಹಸಿರು-ಕಂದು ಜೆಲ್ಲಿಯಂತೆ ಉಬ್ಬಿಕೊಂಡು, ಬಿಸಿಲಿಗೆ ಕರಿ ಸಿಪ್ಪೆಯಾಗಿ ಅಂಟಿಕೊಳ್ಳುವ ನಾಸ್ಟಾಕ್ ಕೂಡ ಇದೇ ಜಾತಿ.

ಪಾಚಿಯಂತೆ ಕಾಣುವ ಹೂಗಿಡ

ಅಪರೂಪದ್ದು ಯಾವಾಗಲೂ ದೂರದ ಕಾಡಲ್ಲೇ ಇರಬೇಕಂತಿಲ್ಲ. ಎಂ.ಓ.ಪಿ. ಅಯ್ಯಂಗಾರರು ಮದರಾಸಿನ ಒದ್ದೆ ಮಣ್ಣಿನಲ್ಲಿ ಕಂಡ ಒಂದು ಶೈವಲ ಜಗತ್ತಿಗೇ ಹೊಸದಾಗಿತ್ತು. 1932ರಲ್ಲಿ ಅದಕ್ಕೆ ಫ್ರಿಟ್ಶಿಯೆಲ್ಲಾ ಎಂದು ಹೆಸರಿಟ್ಟರು. ಎಲ್ಲರೂ ತುಳಿಯುವ ಕೆಸರನ್ನು ಅವರು ಬಗ್ಗಿ ನೋಡಿದ್ದರು.

ನಮ್ಮ ಘಟ್ಟದ ಹೊಳೆಗಳಲ್ಲೂ ಅಂಥದ್ದು ಇದೆ. ಮಳೆಗಾಲದ ರಭಸದ ನೀರಿನಲ್ಲಿ, ಅಬ್ಬಿಯ ಕೆಳಗಿನ ಬಂಡೆಗಳ ಮೇಲೆ ಹಸಿರು-ಕೆಂಗಂದು ಹೊದಿಕೆಯೊಂದು ಬಿಗಿಯಾಗಿ ಅಂಟಿಕೊಂಡಿರುತ್ತದೆ. ಕಿತ್ತರೂ ಬರುವುದಿಲ್ಲ. ಹೊಳೆಗೆ ಇಳಿದವರೆಲ್ಲ ಪಾಚಿ ಅಂದುಕೊಂಡೇ ದಾಟುತ್ತಾರೆ. ಇವುಗಳಲ್ಲಿ ಕೆಲವು ಪೊಡೊಸ್ಟೆಮೇಸಿ ಎಂಬ ಕುಟುಂಬದ ಹೂಬಿಡುವ ಗಿಡಗಳು. ಬೇರೇ ಚಪ್ಪಟೆಯಾಗಿ, ಹಸಿರಾಗಿ, ಎಲೆಯ ಕೆಲಸ ಮಾಡುತ್ತದೆ. ಒಂದರ ಹೆಸರೇ ಝೈಲಾನಿಡಿಯಂ ಲೈಕೆನಾಯ್ಡಿಸ್, ಅಂದರೆ ಕಲ್ಲುಹೂವಿನಂಥದ್ದು ಅಂತ. ಹೆಸರಿಟ್ಟ ವಿಜ್ಞಾನಿಗೂ ಅದು ಇನ್ನೇನೋ ಆಗಿ ಕಂಡಿರಬೇಕು! ಗ್ರಿಫಿತೆಲ್ಲಾ ಎಂಬ ಇನ್ನೊಂದು ಪಶ್ಚಿಮ ಘಟ್ಟದಲ್ಲಿ ಮಾತ್ರ ಇದೆ.

ಗುರುತಿಸುವ ಕಾಲ ಮಳೆಗಾಲವಲ್ಲ. ದೀಪಾವಳಿ ಕಳೆದು ನೀರು ಇಳಿಯತೊಡಗಿದಾಗ ಹೋಗಿ. ಬಂಡೆಯ ನೆತ್ತಿ ನೀರಿನಿಂದ ಹೊರಬಂದ ಕೂಡಲೇ ಆ ಹೊದಿಕೆಯಿಂದ ಗುಂಡುಸೂಜಿಯ ತಲೆಯಂಥ ಮೊಗ್ಗುಗಳು ಏಳುತ್ತವೆ. ಲೆನ್ಸಿನಲ್ಲಿ ನೋಡಿದರೆ ಕೇಸರ, ಅಂಡಾಶಯ ಎಲ್ಲಾ ಉಂಟು. ಶೈವಲಕ್ಕೆ, ಹಾವಸೆಗೆ ಇವು ಎಂದೂ ಬರುವುದಿಲ್ಲ. ಫೋನಿನ ಆ್ಯಪ್‌ಗಳನ್ನು ಇಲ್ಲಿ ಪೂರ್ತಿ ನಂಬಬೇಡಿ. ದಾಸವಾಳ, ತುಂಬೆಗೆ ಅವು ಪರವಾಗಿಲ್ಲ. ಹಾವಸೆ ಮತ್ತು ಇಂಥವುಗಳ ಹತ್ತಿರ ಬಂದಾಗ ಊಹೆ ಹೊಡೆಯುತ್ತವೆ. ದೂರದಿಂದ ಒಂದು, ಹತ್ತಿರದಿಂದ ಎರಡು ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ. ಹೊಳೆ, ಊರು, ತಾರೀಖು, ಕಲ್ಲಿನ ಮೇಲೋ ಮರದ ಮೇಲೋ ಎಂಬುದನ್ನು ಬರೆದಿಡಿ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರಿಗೆ ತೋರಿಸಿ, ಖುಷಿಪಡುತ್ತಾರೆ. ಹಾವಸೆಯಾದರೆ ಉಗುರಿನಷ್ಟು ತೆಗೆದು ಪೇಪರಿನ ಪೊಟ್ಟಣ ಕಟ್ಟಿ. ಪ್ಲಾಸ್ಟಿಕ್ ಬೇಡ, ಬೂಸ್ಟು ಹಿಡಿಯುತ್ತದೆ. ಗೋದಲಿ ಅಲಂಕಾರಕ್ಕೆ, ಬೋನ್ಸಾಯ್ ಕುಂಡಕ್ಕೆ ಅಂತ ಮರದಿಂದ ಗೋಣಿಗಟ್ಟಲೆ ಕೆರೆದು ತರುವುದು ಬೇರೆ ಮಾತು, ಅದು ಖಂಡಿತ ಬೇಡ.

ಈ ಹೊಳೆಯ ಗಿಡಗಳಿಗೆ ವರ್ಷದಲ್ಲಿ ಎರಡೂ ಬೇಕು, ಮಳೆಗಾಲದ ರಭಸ ಮತ್ತು ಆಮೇಲಿನ ಇಳಿತ. ಮೇಲೆ ಅಣೆಕಟ್ಟು ಕಟ್ಟಿ ನೀರನ್ನು ಹಿಡಿದರೆ ಬಂಡೆಗಳು ಆಳದಲ್ಲಿ ಮುಳುಗಿಬಿಡುತ್ತವೆ. ಕೆಳಗೆ ಬೇಕೆಂದಾಗ ನೀರು ಬಿಟ್ಟರೆ ಹೂವು ಬಿಟ್ಟ ವಾರವೇ ಮತ್ತೆ ಮುಳುಗುತ್ತವೆ. ಪಾಚಿ ಅಂತ ದಾಖಲಾದದ್ದು ಹೋಯಿತೋ ಉಳಿಯಿತೋ ಎಂದು ಯಾರೂ ಕೇಳುವುದಿಲ್ಲ. ಹೂವಾಗಿ ಕೆಲವೇ ವಾರಗಳಲ್ಲಿ ಕಾಯಿ ಒಣಗಿ ಒಡೆದು, ಧೂಳಿನಷ್ಟು ಸಣ್ಣ ಬೀಜ ಬಂಡೆಯ ಮೇಲೆ ಬೀಳುತ್ತದೆ. ಜೂನಿನ ಮೊದಲ ಮಳೆಗೆ ಆ ಬೀಜದ ಸಿಪ್ಪೆ ನೆನೆದು ಅಂಟಾಗುತ್ತದೆ, ಹೊಳೆ ಬರುವ ಮೊದಲೇ ಕಲ್ಲನ್ನು ಹಿಡಿದುಕೊಳ್ಳುತ್ತದೆ.